ಗಾಡಿ ಆಫ್ ಆಗುವ ಸಿಮ್ ಬೇಕೋ, ಆಗದ ಸಿಮ್ ಸಾಕೋ?

ಬೆಂಗಳೂರಿನಲ್ಲಿ ಒಂದು ತಮಾಷೆ ನಡೆಯುತ್ತಿದೆ. ಟ್ರಾಫಿಕ್‌ನಲ್ಲಿ ಎಡಗಾಲು ಬಿದ್ದು ಹೋಗುತ್ತೆ ಅಂತ ನನ್ನ ಪರಿಚಯದವರು ಒಬ್ಬೊಬ್ಬರಾಗಿ ಆಟೊಮ್ಯಾಟಿಕ್ ಕಾರು ತಗೊಂಡರು. ಅದೇ ಜನ ಈಗ ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತು ಸಿಮ್ (ಕಾರು ಓಡಿಸುವ ಸಿಮ್ಯುಲೇಟರ್ ಆಟ) ಹಾಕಿಕೊಂಡು ಮೂರು ಪೆಡಲ್‌ನ ಸೆಟ್‌ನಲ್ಲಿ ಕ್ಲಚ್ ಒತ್ತುತ್ತಿದ್ದಾರೆ. ನಾನೂ ಅವರಲ್ಲಿ ಒಬ್ಬ. ಸಿಲ್ಕ್ ಬೋರ್ಡ್‌ನಲ್ಲಿ ಬೈದು ಬಿಟ್ಟ ಕ್ಲಚ್ಚನ್ನು ದುಡ್ಡು ಕೊಟ್ಟು ಮನೆಗೆ ತಂದುಕೊಂಡವನು.

ಹೀಗಾಗಿ ನನಗೆ ಜಾಸ್ತಿ ಬರುವ ಪ್ರಶ್ನೆ ಒಂದೇ. "ಆಟದ ಸ್ಟೀರಿಂಗ್ ವೀಲ್ ತಗೊಂಡೆ, ಗೇರ್ ಹಾಕುವ ಶಿಫ್ಟರ್ ಕೂಡ ತಗೊಂಡೆ. ಕ್ಲಚ್, ಗೇರ್ ನಿಜವಾದ ಕಾರಿನ ಹಾಗೆ ಇರುವ ಸಿಮ್ ಯಾವುದು? ಐರೇಸಿಂಗ್‌ಗೆ ದುಡ್ಡು ಹಾಕಲಾ, ಅಸೆಟ್ಟೊ ಕೊರ್ಸಾ ಸಾಕಾ? ಬೀಮ್‌ಎನ್‌ಜಿ ಬರೀ ಗಾಡಿ ಗುದ್ದಿಸುವ ಆಟ ಅಲ್ವಾ?"

ನಾನು ಮೊದಲು ತಿರುಗಿಸಿ ಕೇಳುತ್ತೇನೆ. ನೀವು ಗೇರನ್ನು ತಪ್ಪಾಗಿ ಹಾಕಿದಾಗ ಏನಾಗಬೇಕು? ಸರಿಯಾಗಿ ಹಾಕಿದಾಗ ಎಲ್ಲ ಸಿಮ್‌ಗಳೂ ಹೆಚ್ಚು ಕಡಿಮೆ ಒಂದೇ ಥರ. ಕ್ಲಚ್ ಒತ್ತಿದಿರಿ, ಗೇರ್ ಹಾಕಿದಿರಿ, ಬಿಟ್ಟಿರಿ, ಗಾಡಿ ಹೋಯಿತು. ಯಾವುದು ಅಸಲಿ ಅಂತ ಗೊತ್ತಾಗುವುದು ಎಡಗಾಲು ಎಡವಿದಾಗ.

ಅಸಲಿ ಗಾಡಿ ಏನು ಮಾಡುತ್ತೆ

ನಾನು ಡ್ರೈವಿಂಗ್ ಕಲಿತದ್ದು ಮಾರುತಿ 800ರಲ್ಲಿ. ಕಲಿಸಿದವರು ಮೊದಲ ದಿನ ಆಕ್ಸಿಲೇಟರ್ ಮುಟ್ಟಲೇ ಬಿಡಲಿಲ್ಲ. "ರೇಸ್ ಕೊಡಬೇಡ. ಕ್ಲಚ್ ಮೆಲ್ಲಗೆ ಬಿಡು. ಗಾಡಿ ನಡುಗಿದಾಗ ಕಾಲು ಅಲ್ಲೇ ನಿಲ್ಲಿಸು" ಅಂದರು. ಆ ನಡುಕ ಬರುವ ಜಾಗ ಪೆಡಲ್‌ನ ಓಟದಲ್ಲಿ ಒಂದೆರಡು ಬೆರಳಿನಷ್ಟು ಮಾತ್ರ. ಅಲ್ಲಿ ಎಂಜಿನ್ ಸದ್ದು ಸ್ವಲ್ಪ ಕುಗ್ಗುತ್ತೆ, ಸೀಟು ಅದುರುತ್ತೆ, ಗಾಡಿ ಮುಂದಕ್ಕೆ ಜೀಕುತ್ತೆ. ಇನ್ನೂ ಬಿಟ್ಟರೆ ಒಂದೋ ಚಲಿಸುತ್ತೆ, ಇಲ್ಲ ಧಡಕ್ ಅಂತ ಆಫ್ ಆಗುತ್ತೆ.

ಒಳಗೆ ನಡೆಯುವುದು ಇಷ್ಟು. ಎಂಜಿನ್‌ನ ಫ್ಲೈವೀಲ್‌ಗೂ ಪ್ರೆಶರ್ ಪ್ಲೇಟ್‌ಗೂ ನಡುವೆ ಕ್ಲಚ್ ಪ್ಲೇಟ್ ಇದೆ. ಒಂದು ಡಯಾಫ್ರಮ್ ಸ್ಪ್ರಿಂಗ್ ಅದನ್ನು ಅಮುಕಿ ಹಿಡಿದಿರುತ್ತೆ. ಪೆಡಲ್ ಒತ್ತಿದರೆ ಆ ಹಿಡಿತ ಸಡಿಲ. ಅರ್ಧ ಬಿಟ್ಟಾಗ ಪ್ಲೇಟು ಜಾರುತ್ತಾ ಜಾರುತ್ತಾ ಶಕ್ತಿ ದಾಟಿಸುತ್ತೆ, ಜಾರಿದಷ್ಟೂ ಬಿಸಿಯಾಗುತ್ತೆ. ಫ್ಲೈಓವರ್ ಏರಿನಲ್ಲಿ ಜಾಮ್ ಆದಾಗ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುತ್ತಾರಲ್ಲ, ಆಗ ಮೂಗಿಗೆ ಹೊಡೆಯುವ ಸುಟ್ಟ ವಾಸನೆ ಅದೇ. ನಾನೂ ಆ ಚಟದಿಂದ ಒಂದು ಕ್ಲಚ್ ಪ್ಲೇಟ್ ತಿಂದು ಹಾಕಿದ್ದೇನೆ.

ಇನ್ನು ಗೇರ್‌ಬಾಕ್ಸ್. ನಮ್ಮ ಮನೆ ಮುಂದಿನ ಕಾರುಗಳಲ್ಲಿ ಇರುವುದು ಸಿಂಕ್ರೊಮೆಶ್. ನೀವು ಲಿವರ್ ತಳ್ಳಿದಾಗ ಹಲ್ಲುಗಳು ನೇರವಾಗಿ ಹೋಗಿ ಕಚ್ಚಿಕೊಳ್ಳುವುದಿಲ್ಲ. ಮೊದಲು ಒಂದು ಹಿತ್ತಾಳೆಯ ಬಳೆ ಉಜ್ಜಿ ಎರಡೂ ಕಡೆಯ ವೇಗವನ್ನು ಒಂದು ಮಾಡುತ್ತೆ. ವೇಗ ಸಮ ಆಗುವ ತನಕ ಬಳೆ ದಾರಿ ಬಿಡುವುದಿಲ್ಲ. ಕ್ಲಚ್ ಒತ್ತದೆ ತಳ್ಳಿದರೆ ಪಾಪ ಆ ಸಣ್ಣ ಬಳೆ ಇಡೀ ಎಂಜಿನ್ ಜೊತೆ ಗುದ್ದಾಡಬೇಕು. ಅದು ಆಗದ ಮಾತು, ಅದಕ್ಕೇ ಕರ್ರ್ ಅನ್ನುತ್ತೆ. ಆದರೆ ಎಂಜಿನ್ ತಿರುಗುವ ವೇಗ, ಅಂದರೆ ಆರ್‌ಪಿಎಂ, ಅಕಸ್ಮಾತ್ ಸರಿ ಹೊಂದಿದರೆ ಕ್ಲಚ್ ಇಲ್ಲದೆಯೂ ಗೇರ್ ಬೆಣ್ಣೆಯ ಹಾಗೆ ಬೀಳುತ್ತೆ. ಹಳೇ ಲಾರಿ ಓಡಿಸಿದವರಿಗೆ ಇದು ಗೊತ್ತು. ಸಿಂಕ್ರೊ ಇಲ್ಲದ ಆ ಗಾಡಿಗಳಲ್ಲಿ ಒಂದು ಗೇರ್‌ಗೆ ಎರಡು ಸಲ ಕ್ಲಚ್ ಒತ್ತಿ, ನಡುವೆ ನ್ಯೂಟ್ರಲ್‌ನಲ್ಲಿ ಒಂದು ರೇಸ್ ಕೊಟ್ಟು ಇಳಿಸುತ್ತಿದ್ದರು.

ರೇಸ್ ಕಾರುಗಳಲ್ಲಿ ಜಾಸ್ತಿ ಇರುವುದು ಡಾಗ್ ಬಾಕ್ಸ್. ಬಳೆ ಗಿಳೆ ಏನೂ ಇಲ್ಲ. ದಪ್ಪ ಹಲ್ಲು, ನಡುವೆ ಅಗಲ ಜಾಗ, ಟಕ್ ಅಂತ ಹೊಡೆದರೆ ಬಿತ್ತು. ಅಲ್ಲಿ ಕ್ಲಚ್ಚಿಗಿಂತ ಮುಖ್ಯವಾದದ್ದು ಎಳೆತ ಬಿಡಿಸುವುದು. ಎಂಜಿನ್ ಪೂರ್ತಿ ಎಳೆಯುತ್ತಿರುವಾಗ ಹಲ್ಲು ಹಲ್ಲಿಗೆ ಒತ್ತಿ ನಿಂತಿರುತ್ತೆ, ಗೇರ್ ಹೊರಗೆ ಬರುವುದಿಲ್ಲ. ಒಂದು ಕ್ಷಣ ಆಕ್ಸಿಲೇಟರ್ ಬಿಟ್ಟರೆ ಬರುತ್ತೆ. ಸ್ಟೀರಿಂಗ್ ಹಿಂದಿನ ಸಣ್ಣ ಲಿವರನ್ನು ಬೆರಳಿನಿಂದ ಎಳೆದು ಗೇರ್ ಹಾಕುವ ಈಗಿನ ಪ್ಯಾಡಲ್ ಕಾರುಗಳಲ್ಲಿ ಆ ಕ್ಷಣವನ್ನು ಎಲೆಕ್ಟ್ರಾನಿಕ್ಸ್ ತಾನೇ ನೋಡಿಕೊಳ್ಳುತ್ತೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, "ಕ್ಲಚ್ ಜಾಸ್ತಿ ಬೇಕಾದ ಸಿಮ್ಮೇ ಅಸಲಿ" ಅನ್ನುವುದು ಶುದ್ಧ ತಪ್ಪು. ನಮ್ಮೂರಿನ ಅರ್ಜುನ್ ಮೈನಿ ಜರ್ಮನಿಯ ಡಿಟಿಎಂ ರೇಸ್ ಸರಣಿಯಲ್ಲಿ ಓಡಿಸಿದ ಜಿಟಿ3 ಕಾರಿನಲ್ಲಿ (ರೇಸ್‌ಗೆ ಅಂತ ಮಾರ್ಪಡಿಸಿದ ಸ್ಪೋರ್ಟ್ಸ್ ಕಾರು) ಕ್ಲಚ್ ಬೇಕಾಗುವುದು ನಿಂತ ಗಾಡಿಯನ್ನು ಹೊರಡಿಸುವಾಗ ಮಾತ್ರ. ಆಮೇಲೆ ಬರೀ ಬೆರಳಿನ ಕೆಲಸ. ಅಮೆರಿಕದ ನ್ಯಾಸ್ಕರ್ ಕಪ್ ಕಾರುಗಳಲ್ಲೂ 2021ರ ತನಕ ನಮ್ಮ ಕಾರುಗಳ ಹಾಗೆ ಎಚ್ ಆಕಾರದಲ್ಲಿ ಓಡುವ ನಾಲ್ಕು ಗೇರಿನ ಎಚ್ ಲಿವರ್ ಇತ್ತು, 2022ರಿಂದ ಹಿಂದೆ ಮುಂದೆ ಮಾತ್ರ ಆಡಿಸಿ ಒಂದೊಂದೇ ಗೇರ್ ಹಾಕುವ ಐದು ಗೇರಿನ ಸೀಕ್ವೆನ್ಶಿಯಲ್ ಬಂತು. ಹಾಗಾಗಿ ಸಿಮ್ ಆರಿಸುವ ಮೊದಲು ಯಾವ ಕಾರಿನ ಗೇರ್ ಬೇಕು ಅಂತ ಆರಿಸಿ.

ಯಾವ ತಕ್ಕಡಿಯಲ್ಲಿ ತೂಗುವುದು

ನಾನು ಯಾವ ಸಿಮ್ ಹಾಕಿದರೂ ಮೊದಲು ಕೆಲವು ತರಲೆ ಮಾಡುತ್ತೇನೆ. ಮೊದಲ ಗೇರ್‌ನಲ್ಲಿ ರೇಸ್ ಕೊಡದೆ ಕ್ಲಚ್ ಮೆಲ್ಲಗೆ ಬಿಡುತ್ತೇನೆ. ಗಾಡಿ ತೆವಳಬೇಕು. ಆಮೇಲೆ ಒಮ್ಮೆಲೇ ಬಿಡುತ್ತೇನೆ. ಆಫ್ ಆಗಬೇಕು. ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಒಂದು ನಿಮಿಷ ನಿಲ್ಲಿಸುತ್ತೇನೆ. ಬಿಸಿಯಾಗಿ ಜಾರಬೇಕು. ಓಡುತ್ತಿರುವಾಗ ಕ್ಲಚ್ ಒತ್ತದೆ, ರೇಸೂ ಬಿಡದೆ ಲಿವರ್ ಎಳೆಯುತ್ತೇನೆ. ಬೇಡ ಅನ್ನಬೇಕು. ನಾಲ್ಕರಿಂದ ಎರಡಕ್ಕೆ ಆರ್‌ಪಿಎಂ ಹೊಂದಿಸದೆ ಇಳಿಸಿ ಕ್ಲಚ್ ಫಟ್ ಅಂತ ಬಿಡುತ್ತೇನೆ. ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಗಾಡಿಯಾದರೆ ಚಕ್ರ ಕಟ್ಟಿ (ಲಾಕ್ ಆಗಿ) ಬಾಲ ತಿರುಗಬೇಕು, ಎಂಜಿನ್‌ಗೆ ಪೆಟ್ಟಾಗಬೇಕು.

ಇದರ ಜೊತೆ ಇನ್ನೆರಡು ವಿಷಯ. ಆ ಸಿಮ್‌ನಲ್ಲಿ ಎಚ್ ಲಿವರ್‌ನ ಕಾರುಗಳು ಎಷ್ಟಿವೆ? ಮತ್ತೆ ದುಡ್ಡು ಎಷ್ಟು, ಒಂದೇ ಸಲವೋ ತಿಂಗಳು ತಿಂಗಳೋ? ಗ್ರಾಫಿಕ್ಸ್ ಅನ್ನು ನಾನು ಇಲ್ಲಿ ಲೆಕ್ಕಕ್ಕೇ ಇಟ್ಟಿಲ್ಲ. ಎಡಗಾಲಿಗೆ ಕಣ್ಣಿಲ್ಲ.

ಬೀಮ್‌ಎನ್‌ಜಿ: ಆಟಿಕೆ ಅಂದವರು ಗೇರ್ ಹಾಕಿ ನೋಡಿಲ್ಲ

ಜರ್ಮನಿಯ ಬ್ರೆಮೆನ್‌ನವರ ಈ ಬೀಮ್‌ಎನ್‌ಜಿ ಡ್ರೈವ್, ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದದ್ದು 2015ರಲ್ಲಿ. ಕಾರು ಗೋಡೆಗೆ ಗುದ್ದಿ ಅಪ್ಪಚ್ಚಿಯಾಗುವ ವಿಡಿಯೋಗಳಿಂದ ಹೆಸರಾಯಿತು. ಅದೇ ಅದರ ದುರದೃಷ್ಟ. ಕ್ಲಚ್, ಗೇರ್ ವಿಷಯದಲ್ಲಿ ನನ್ನ ತರಲೆಗಳಿಗೆಲ್ಲ ಸರಿಯಾದ ಉತ್ತರ ಕೊಟ್ಟದ್ದು ಇದೊಂದೇ.

ಮೊದಲು ಸೆಟ್ಟಿಂಗ್‌ನಲ್ಲಿ ಗೇರ್‌ಬಾಕ್ಸ್ ಮೋಡ್ ಅನ್ನು ಆರ್ಕೇಡ್‌ನಿಂದ ರಿಯಲಿಸ್ಟಿಕ್‌ಗೆ ಬದಲಿಸಿ. ಇದನ್ನು ಮಾಡದೆ "ಏನೂ ಇಲ್ಲ ಇದರಲ್ಲಿ" ಅಂದವರನ್ನು ನಾನು ತುಂಬಾ ನೋಡಿದ್ದೇನೆ. ಆಮೇಲೆ ಇಬಿಶು ಕೋವೆಟ್ ಅನ್ನುವ ಸಣ್ಣ ಕಾರು ತಗೊಳ್ಳಿ. ಹೆಸರು ಕಲ್ಪನೆಯದು, ಗುಣ ಮಾತ್ರ ನಮ್ಮ ಹಳೇ ಸಣ್ಣ ಕಾರುಗಳದ್ದೇ. ರೇಸ್ ಕೊಡದೆ ಕ್ಲಚ್ ಬಿಟ್ಟರೆ ಸದ್ದು ಕುಗ್ಗಿ ತೆವಳುತ್ತೆ. ಮೂರನೇ ಗೇರ್‌ನಲ್ಲಿ ಹೊರಡಿಸಲು ಹೋದರೆ ಅದುರಿ ಅದುರಿ ಆಫ್ ಆಗುತ್ತೆ. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಂತರೆ ಕ್ಲಚ್ ಬಿಸಿಯಾಗುತ್ತೆ, ಜಾರಲು ಶುರು ಮಾಡುತ್ತೆ. ರೇಸ್ ಕೊಟ್ಟರೂ ಬರೀ ಕೂಗು, ಎಳೆತ ಇಲ್ಲ. ಹಾಗೇ ಬಿಡದಿದ್ದರೆ ಕ್ಲಚ್ ಹೋಯಿತು.

ಈ ಅದುರುವುದು ಸುಮ್ನೆ ಬರುವುದಲ್ಲ. ಕ್ಲಚ್ ಅನ್ನುವುದು ಲೆಕ್ಕ ಹಾಕುವವರಿಗೆ ದೊಡ್ಡ ತಲೆನೋವು. ಜಾರುತ್ತಿದ್ದದ್ದು ಯಾವ ಕ್ಷಣಕ್ಕೆ ಕಚ್ಚಿಕೊಂಡಿತು ಅಂತ ಹಿಡಿಯಬೇಕು, ಕಚ್ಚಿಕೊಂಡಾಗ ಚಕ್ರ ತಿರುಗಿಸುವ ಆಕ್ಸಲ್ ದಂಡಗಳು ತಿರುಚಿ ವಾಪಸ್ ಬರುವುದನ್ನೂ ಹಿಡಿಯಬೇಕು. ಅಸೆಟ್ಟೊ ಕೊರ್ಸಾ ಸೆಕೆಂಡಿಗೆ 333 ಸಲ ಲೆಕ್ಕ ಹಾಕುತ್ತೆ, ಐರೇಸಿಂಗ್ 360 ಸಲ. ಬೀಮ್‌ಎನ್‌ಜಿ 2000 ಸಲ. ಜಾಸ್ತಿ ಸಲ ಅಂದ ಮಾತ್ರಕ್ಕೆ ಸಿಮ್ ಒಳ್ಳೆಯದಾಗಲ್ಲ, ನಿಜ. ಆದರೆ ಈ ನಡುಕ, ಜೀಕುವಿಕೆ ತೋರಿಸಲು ಅದು ಸಹಾಯಕ್ಕೆ ಬರುತ್ತೆ.

ಕೊರತೆ? ಇದೆ. ಟೈರ್ ಹಿಡಿತದ ನುಣುಪು ರೇಸ್‌ಗೆ ಅಂತಲೇ ಮಾಡಿದ ಸಿಮ್‌ಗಳಷ್ಟು ಇಲ್ಲ. ಗಂಭೀರವಾದ ಆನ್‌ಲೈನ್ ರೇಸ್ ಬೇಕಾದವರಿಗೆ ಇದು ಜಾಗವಲ್ಲ. ಪ್ರೊಸೆಸರ್ ಚೆನ್ನಾಗಿರಬೇಕು, ಹಳೇ ಲ್ಯಾಪ್‌ಟಾಪ್ ಉಸಿರು ಬಿಡುತ್ತೆ. ಲ್ಯಾಪ್ ಟೈಮ್‌ಗೆ ಒದ್ದಾಡುವವರು ಎರಡು ವಾರದಲ್ಲಿ ಬೇಜಾರಾಗಿ ಬಿಡುತ್ತಾರೆ.

ಅಸೆಟ್ಟೊ ಕೊರ್ಸಾ: ಸಮುದ್ರದಷ್ಟು ಕಾರು, ಆಫ್ ಆಗದ ಎಂಜಿನ್

ಇಟಲಿಯ ಕುನೋಸ್‌ನವರು 2014ರಲ್ಲಿ ಬಿಟ್ಟದ್ದು. ಇವತ್ತಿಗೂ ಎಲ್ಲರ ಕಂಪ್ಯೂಟರ್‌ನಲ್ಲಿ ಇದೆ. ಸೇಲ್ ಇದ್ದಾಗ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ಮಾಡ್‌ಗಳನ್ನು (ಆಡುವವರೇ ಮಾಡಿ ಹಂಚುವ ಕಾರು, ಫೈಲ್) ಸೇರಿಸಿದರೆ ನೀವು ಆಸೆಪಟ್ಟ ಹಳೇ ಕಾರು ಯಾವುದಾದರೂ ಇರುತ್ತೆ.

ಗೇರ್ ಹಾಕುವ ವಿಷಯದಲ್ಲಿ ಇದು ಪರವಾಗಿಲ್ಲ. ಎಚ್ ಲಿವರ್‌ನ ಕಾರಿನಲ್ಲಿ ಕ್ಲಚ್ ಒತ್ತಬೇಕು, ಇಲ್ಲವೇ ಆರ್‌ಪಿಎಂ ಹೊಂದಿಸಬೇಕು. ಎರಡೂ ಇಲ್ಲದಿದ್ದರೆ ಕರ್ರ್ ಅಂದು ನ್ಯೂಟ್ರಲ್‌ನಲ್ಲೇ ಉಳಿಯುತ್ತೆ, ಗೇರ್‌ಬಾಕ್ಸ್‌ಗೂ ಪೆಟ್ಟು. ಒಳಗೆ ಪ್ರತಿ ಕಾರಿಗೂ "ಆರ್‌ಪಿಎಂ ಇಷ್ಟರೊಳಗೆ ಹೊಂದಿದರೆ ಗೇರ್ ಬೀಳಲಿ" ಅಂತ ಒಂದು ಸಂಖ್ಯೆ ಬರೆದಿರುತ್ತಾರೆ. ಮಾಡ್ ಕಾರುಗಳಲ್ಲಿ ಗೇರ್ ಒಂದರಲ್ಲಿ ಹಗುರ, ಇನ್ನೊಂದರಲ್ಲಿ ಹಟಮಾರಿ ಅನ್ನಿಸುವುದು ಇದರಿಂದಲೇ. ಮಾಡಿದವರ ಕೈಗುಣ.

ಆದರೆ ಕ್ಲಚ್ ವಿಷಯದಲ್ಲಿ ಇದು ಅತಿಯಾಗಿ ಒಳ್ಳೆಯವನು. ಮೂಲ ಆಟದಲ್ಲಿ ಎಂಜಿನ್ ಆಫ್ ಆಗುವುದೇ ಇಲ್ಲ. ಐದನೇ ಗೇರ್‌ನಲ್ಲಿ ನಿಂತು ಕ್ಲಚ್ ಬಿಟ್ಟರೂ ಗೊಣಗುತ್ತಾ ನಿಂತಿರುತ್ತೆ. ಡ್ರೈವಿಂಗ್ ಸ್ಕೂಲಿನವರು ನೋಡಿದರೆ ನಗುತ್ತಾರೆ. ಕಸ್ಟಮ್ ಶೇಡರ್ಸ್ ಪ್ಯಾಚ್ ಅನ್ನುವ ಮಾಡ್ ಹಾಕಿಕೊಂಡರೆ, ಅದನ್ನು ಬಳಸುವ ಹಾಗೆ ಮಾಡಿದ ಕಾರುಗಳಲ್ಲಿ ಆಫ್ ಆಗುವುದೂ ಬರುತ್ತೆ. ಆದರೆ ಒಂದು ಸಂಜೆ ಫೈಲ್ ಹುಡುಕುವುದರಲ್ಲೇ ಕಳೆಯುತ್ತೆ. ನನಗೆ ಅದು ಇಷ್ಟ. ನಿಮಗೆ ಹೇಗೋ ಗೊತ್ತಿಲ್ಲ.

ಇದರ ಹೊಸ ತಮ್ಮ ಅಸೆಟ್ಟೊ ಕೊರ್ಸಾ ಇವೊ 2025ರ ಜನವರಿಯಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ತಿ ಸಿದ್ಧವಾಗುವ ಮೊದಲೇ ಬಂತು. ರಸ್ತೆ ಕಾರುಗಳ ಪಟ್ಟಿ ಚೆನ್ನಾಗಿದೆ. ಆದರೆ ಅಪ್‌ಡೇಟ್‌ಗೊಂದು ಥರ ಬದಲಾಗುವ ಸಿಮ್‌ನ ಗೇರ್ ಬಗ್ಗೆ ತೀರ್ಪು ಕೊಡುವುದು ಬೇಡ. ಕೊಳ್ಳುವವರು ಕೊನೆಯಲ್ಲಿ ಹೇಳುವ ಪರೀಕ್ಷೆ ಮಾಡಿಯೇ ಇಟ್ಟುಕೊಳ್ಳಿ.

ಐರೇಸಿಂಗ್: ತಪ್ಪಿಗೆ ಬೆಲೆ ಇರುವ ಜಾಗ

2008ರಿಂದ ಇದೆ. ಚಂದಾ ಕಟ್ಟಬೇಕು. ಅದರ ಮೇಲೆ ಹೆಚ್ಚಿನ ಕಾರು, ಟ್ರ್ಯಾಕ್‌ಗೆ ಬೇರೆ ದುಡ್ಡು. ಡಾಲರ್ ಲೆಕ್ಕ. ತಿಂಗಳ ಕೊನೆಯಲ್ಲಿ ನೋಡಿಕೊಂಡಾಗ ಹೊಟ್ಟೆ ಉರಿಯುತ್ತೆ, ಸುಳ್ಳು ಹೇಳಲ್ಲ.

ಗೇರ್‌ಬಾಕ್ಸ್‌ನಲ್ಲಿ ಇವರ ಶಕ್ತಿ ಒಂದೊಂದು ಕಾರಿಗೂ ಅದರದೇ ನಡವಳಿಕೆ ಕೊಟ್ಟಿರುವುದು. ಸ್ಕಿಪ್ ಬಾರ್ಬರ್ ಅನ್ನುವ ಶಾಲೆಯ ಫಾರ್ಮುಲಾ ಕಾರು ತಗೊಳ್ಳಿ. ಸೀಕ್ವೆನ್ಶಿಯಲ್ ಡಾಗ್ ಬಾಕ್ಸ್, ಎಲೆಕ್ಟ್ರಾನಿಕ್ಸ್ ಸಹಾಯ ಇಲ್ಲ. ಮೇಲೆ ಹೋಗುವಾಗ ಆಕ್ಸಿಲೇಟರ್ ಒಂದು ಕ್ಷಣ ಬಿಡಬೇಕು. ಇಳಿಸುವಾಗ ಬ್ರೇಕ್ ಮೇಲಿರುವ ಕಾಲಿನಿಂದಲೇ ಒಂದು ರೇಸ್ ಕೊಡಬೇಕು. ಅದನ್ನು ಮರೆತು ತಿರುವಿಗೆ ಹೋದಿರೋ, ಹಿಂದಿನ ಚಕ್ರ ಕಟ್ಟಿ ಗಿರಗಿಟ್ಲೆ. ಹೀಗೆ ಒಂದೇ ಕಾಲಿನಲ್ಲಿ ಎರಡು ಪೆಡಲ್ ಆಡಿಸುವ ಹೀಲ್ ಆ್ಯಂಡ್ ಟೋ ಕಲಿಯಬೇಕು ಅಂತ ಇರುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ನನಗೆ ಸಿಕ್ಕಿಲ್ಲ. ಲೋಟಸ್ 49, ಲೋಟಸ್ 79 ಥರದ ಹಳೇ ಫಾರ್ಮುಲಾ ಕಾರುಗಳಲ್ಲಿ ಎಚ್ ಲಿವರ್ ಇದೆ. ಅದು ಬೇರೆಯೇ ಹಬ್ಬ.

ಗಾಡಿ ತಿರುಗಿ ನಿಂತಾಗ ಕ್ಲಚ್ ಒತ್ತಲು ಮರೆತರೆ ಎಂಜಿನ್ ಆಫ್. ಹಿಂದೆ ಇಪ್ಪತ್ತು ಕಾರು ಬರುತ್ತಿರುತ್ತವೆ. ಬೇರೆ ಸಿಮ್‌ಗಳಲ್ಲಿ ಗೇರ್ ತಪ್ಪಿದರೆ ಮತ್ತೆ ಶುರು ಮಾಡಿದರಾಯಿತು. ಇಲ್ಲಿ ಒಂದು ತಪ್ಪು ಗೇರ್ ಅರ್ಧ ಗಂಟೆಯ ರೇಸನ್ನೂ ಅದರ ಜೊತೆ ನಿಮ್ಮ ರೇಟಿಂಗನ್ನೂ ತಿನ್ನುತ್ತೆ. ಕ್ಲಚ್‌ನ ಲೆಕ್ಕಕ್ಕಿಂತ ಈ ಭಯವೇ ಕಾಲಿಗೆ ಶಿಸ್ತು ಕಲಿಸಿತು ಅಂತ ನನಗೆ ಅನ್ನಿಸುತ್ತೆ.

ಆದರೆ ಫ್ಲೈಓವರ್ ಏರಿನ ಹಾಫ್ ಕ್ಲಚ್‌ನ ಸುಖ ದುಃಖ ಬೇಕು ಅನ್ನುವವರು ಇಲ್ಲಿಗೆ ಬರಬೇಡಿ. ಇದು ಟ್ರ್ಯಾಕ್. ಕ್ಲಚ್ ಇರುವುದು ಹೊರಡಲಿಕ್ಕೆ, ಬಿದ್ದಾಗ ಏಳಲಿಕ್ಕೆ.

ಲೈವ್ ಫಾರ್ ಸ್ಪೀಡ್: ಅಜ್ಜ, ಆದರೂ ಗಟ್ಟಿ

ನೋಡಲು ಹಳೇ ಕಾಲದ್ದು. ಆದರೆ ಕ್ಲಚ್ ಬಿಸಿಯಾಗಿ ಜಾರುವುದನ್ನು ಬಹಳ ಮೊದಲೇ ತಂದವರು ಇವರು. ರೇಸ್ ಬಿಡದೆ ಗೇರ್ ಹೊಡೆಯುತ್ತಾ ಹೋದರೆ ಕೆಲವು ಸುತ್ತಿನ ನಂತರ ಕ್ಲಚ್ ಸೋಲುತ್ತೆ, ನೇರ ದಾರಿಯಲ್ಲಿ ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ. ಡೆಮೊ ಉಚಿತ. ಒಂದು ಮುಂದಿನ ಚಕ್ರದ ಹ್ಯಾಚ್‌ಬ್ಯಾಕ್, ಒಂದು ಹಿಂದಿನ ಚಕ್ರದ ಕೂಪೆ, ಒಂದು ಫಾರ್ಮುಲಾ ಬಿಎಂಡಬ್ಲ್ಯು, ಬ್ಲ್ಯಾಕ್‌ವುಡ್ ಟ್ರ್ಯಾಕ್ ಅದರಲ್ಲಿವೆ. ಹತ್ತು ವರ್ಷದ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಜೇಬಿನಲ್ಲಿ ದುಡ್ಡಿಲ್ಲ, ವೀಲ್ ಮಾತ್ರ ಸ್ನೇಹಿತರದ್ದು ಸಿಕ್ಕಿದೆ ಅನ್ನುವ ಕಾಲೇಜು ಹುಡುಗರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಉಳಿದವು, ಚಿಕ್ಕದಾಗಿ

ಮೊದಲು ಆರ್‌ಫ್ಯಾಕ್ಟರ್ 2. 2005ರ ಮೊದಲ ಆರ್‌ಫ್ಯಾಕ್ಟರ್ ಕಾಲದಿಂದಲೂ ಇವರ ಕಾರಿನ ಫೈಲ್‌ನಲ್ಲಿ ಕ್ಲಚ್‌ನ ತೂಕ, ಹಿಡಿತ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ. ಗೇರ್ ಕಚ್ಚಿಕೊಳ್ಳುವ ಕ್ಷಣದಲ್ಲಿ ಎಷ್ಟು ಎಳೆತ ದಾಟಬಹುದು ಅನ್ನುವುದಕ್ಕೂ ಒಂದು ಸಂಖ್ಯೆ ಇದೆ. ಒಳಗೆ ಸರಕು ಇದೆ. ಆದರೆ ಅದರ ಮೆನು, ಅದರ ಸೆಟ್ಟಿಂಗ್ ಎಲ್ಲ ದಾಟಿ ಹೋಗುವಷ್ಟರಲ್ಲಿ ಕಾಫಿ ಆರಿರುತ್ತೆ.

ಬ್ರೆಜಿಲ್‌ನ ರೈಜಾದವರ ಆಟೊಮೊಬಿಲಿಸ್ಟಾ 2 ನನಗೆ ಪ್ರೀತಿ. ಫುಸ್ಕಾ ಅಂತ ಅವರು ಕರೆಯುವ ಬೀಟಲ್, ಓಪಾಲಾ, ಹಳೇ ಮಿನಿ, ಹಳೇ ಫಾರ್ಮುಲಾ ಕಾರುಗಳು ಅಂತ ಲಿವರ್ ಇರುವ ಗಾಡಿಗಳ ಜಾತ್ರೆಯೇ ಇದೆ. ಮನೆಯಲ್ಲಿ ಎಚ್ ಶಿಫ್ಟರ್ ಇದ್ದು, ಕಂಪ್ಯೂಟರ್ ಕಾರುಗಳ ಜೊತೆ ಆರಾಮಾಗಿ ರೇಸ್ ಆಡಬೇಕು ಅನ್ನುವವರಿಗೆ ಇದು. ಕ್ಲಚ್‌ನ ಕಠಿಣ ಪಾಠ ಇಲ್ಲಿ ಕಡಿಮೆ, ಗೇರ್ ಹಾಕುವ ಖುಷಿ ಜಾಸ್ತಿ.

ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆಗೆ ಶಿಫ್ಟರ್ ಕೊಳ್ಳಬೇಡಿ, ಅಷ್ಟೇ. ಅಲ್ಲಿರುವುದು ಜಿಟಿ ಕಾರುಗಳು, ಎಲ್ಲ ಪ್ಯಾಡಲ್. ಪ್ಲೇಸ್ಟೇಷನ್‌ನ ಗ್ರ್ಯಾನ್ ಟುರಿಸ್ಮೊ 7ರಲ್ಲಿ ಕ್ಲಚ್, ಎಚ್ ಶಿಫ್ಟರ್ ಕೆಲಸ ಮಾಡುತ್ತವೆ. ಆದರೆ ತಪ್ಪುಗಳನ್ನು ಅದು ನಗುತ್ತಾ ಕ್ಷಮಿಸುತ್ತೆ. ಮಕ್ಕಳಿರುವ ಮನೆಗೆ ಅದೇ ಸರಿ. ಇನ್ನು ರ್‍ಯಾಲಿ ಹುಚ್ಚಿನವರಿಗೆ 2004ರ ರಿಚರ್ಡ್ ಬರ್ನ್ಸ್ ರ್‍ಯಾಲಿ. ಕೆ-1000 ರ್‍ಯಾಲಿಯ ಧೂಳು ಕುಡಿದವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ, ಅವರ ಬಳಿ ಆಗಲೇ ಇರುತ್ತೆ.

ಒಂದು ಅಡ್ಡ ಮಾತು. ಗೇರ್ ಹಾಕುವುದೇ ಧ್ಯಾನ ಅನ್ನುವವರು ಯೂರೊ ಟ್ರಕ್ ಸಿಮ್ಯುಲೇಟರ್ 2 ನೋಡಿ. ಒಂದೇ ಲಿವರ್‌ನಲ್ಲಿ ಹೆಚ್ಚು ಗೇರ್ ಕೊಡುವ ರೇಂಜ್, ಸ್ಪ್ಲಿಟರ್ ಬಟನ್ ಹೊಂದಿಸಿಕೊಂಡು ಹನ್ನೆರಡು ಗೇರಿನ ಲಾರಿಯನ್ನು ಏರಿಗೆ ಹತ್ತಿಸುವ ಸುಖ ಯಾವ ರೇಸ್ ಕಾರಲ್ಲೂ ಇಲ್ಲ.

ಅರ್ಧ ನಿಜ ಸಿಮ್‌ನಲ್ಲಿ, ಇನ್ನರ್ಧ ನಿಮ್ಮ ಮೇಜಿನ ಕೆಳಗೆ

ಯಾವ ಸಿಮ್ ಆದರೂ ಒಂದು ಗೋಡೆ ಇದೆ. ಅಸಲಿ ಕಾರಿನಲ್ಲಿ ಗೇರ್ ಬೀಳದಿದ್ದರೆ ಲಿವರ್ ಕೈಯನ್ನು ವಾಪಸ್ ತಳ್ಳುತ್ತೆ. ಮನೆಗೆ ತರುವ ಸಾಮಾನ್ಯ ಶಿಫ್ಟರ್ ಯಾವಾಗಲೂ ಒಳಗೆ ಹೋಗುತ್ತೆ. ಸಿಮ್ "ಬೇಡ" ಅಂದರೂ ಲಿವರ್ ಮೂರನೇ ಗೇರ್‌ನಲ್ಲಿ ಕೂತಿರುತ್ತೆ, ಪರದೆಯಲ್ಲಿ ಗಾಡಿ ನ್ಯೂಟ್ರಲ್‌ನಲ್ಲಿ ಕೂಗುತ್ತಿರುತ್ತೆ. ದುಬಾರಿ ಶಿಫ್ಟರ್ ತಗೊಂಡರೆ ಕಬ್ಬಿಣದ ತೂಕ, ಟಕ್ ಅನ್ನುವ ಹಿತ ಸಿಗುತ್ತೆ. ಈ ನಿರಾಕರಣೆ ಸಾಮಾನ್ಯವಾಗಿ ಸಿಗಲ್ಲ. ಹಾಗಾಗಿ ದುಡ್ಡು ಕಡಿಮೆ ಇದ್ದರೆ ಶಿಫ್ಟರ್‌ಗಿಂತ ಪೆಡಲ್‌ಗೆ ಹಾಕಿ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ತುಂಬಾ ಜನ ಇದ್ದಾರೆ, ಇರಲಿ.

ಪೆಡಲ್‌ನಲ್ಲೂ ಒಂದು ಸುಳ್ಳು ಇದೆ. ಅಸಲಿ ಕ್ಲಚ್ ಒತ್ತುತ್ತಾ ಹೋದಂತೆ ಬಿಗಿಯಾಗಿ, ಕೊನೆ ಹತ್ತಿರ ಸ್ವಲ್ಪ ಹಗುರ ಆಗುತ್ತೆ. ಡಯಾಫ್ರಮ್ ಸ್ಪ್ರಿಂಗ್‌ನ ಗುಣ ಅದು. ಅಗ್ಗದ ಪೆಡಲ್‌ನಲ್ಲಿ ಬರೀ ಸುರುಳಿ ಸ್ಪ್ರಿಂಗ್, ಒತ್ತಿದಷ್ಟೂ ಬಿಗಿ. ಇದಕ್ಕೆ ಒಂದು ಸಣ್ಣ ಉಪಾಯ. ಕ್ಯಾಲಿಬ್ರೇಟ್ ಮಾಡುವಾಗ ಕ್ಲಚ್ಚನ್ನು ತಳದ ತನಕ ಒತ್ತಬೇಡಿ, ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ಒತ್ತಿ ನಿಲ್ಲಿಸಿ. ಆಗ ಕ್ಲಚ್ ಹಿಡಿಯುವ ಜಾಗ ಪೆಡಲ್‌ನ ನಡುವಿಗೆ ಬರುತ್ತೆ, ಪ್ರತಿ ಗೇರ್‌ಗೂ ತಳ ಮುಟ್ಟಿಸುವ ಕಷ್ಟ ತಪ್ಪುತ್ತೆ.

ಈಗ ದುಡ್ಡಿನ ಲೆಕ್ಕ. ಅಗ್ಗದ ದಾರಿಗಳಲ್ಲಿ ಒಂದು ಪಿಎಕ್ಸ್‌ಎನ್ ವಿ9. ವೀಲ್, ಮೂರು ಪೆಡಲ್, ಶಿಫ್ಟರ್ ಎಲ್ಲ ಒಂದೇ ಡಬ್ಬಿಯಲ್ಲಿ. ಆದರೆ ಅದರಲ್ಲಿ ಇರುವುದು ವೈಬ್ರೇಷನ್ ಮಾತ್ರ, ಫೋರ್ಸ್ ಫೀಡ್‌ಬ್ಯಾಕ್ ಇಲ್ಲ. ಸ್ಟೀರಿಂಗ್ ಕೈಗೆ ಏನೂ ಹೇಳುವುದಿಲ್ಲ. ಡ್ರೈವಿಂಗ್ ಕ್ಲಾಸ್ ಶುರುವಾಗುವ ಮೊದಲು ಕೈ ಕಾಲಿನ ತಾಳ ಹೊಂದಿಸಿಕೊಳ್ಳಬೇಕು ಅನ್ನುವವರಿಗೆ ಸಾಕು.

ಅದರ ಮೇಲಿನ ಮೆಟ್ಟಿಲು ಲಾಜಿಟೆಕ್ ಜಿ29 ಅಥವಾ ಜಿ923. ಫೋರ್ಸ್ ಫೀಡ್‌ಬ್ಯಾಕ್ ಇದೆ, ಡಬ್ಬಿಯಲ್ಲೇ ಮೂರು ಪೆಡಲ್ ಇವೆ. ಶಿಫ್ಟರ್ ಬೇರೆ ಕೊಳ್ಳಬೇಕು. ಆರು ಗೇರ್, ಲಿವರ್ ಕೆಳಕ್ಕೆ ಒತ್ತಿ ಹಾಕಿದರೆ ರಿವರ್ಸ್. ಥ್ರಸ್ಟ್‌ಮಾಸ್ಟರ್ ಟಿ248ರಲ್ಲೂ ಮೂರು ಪೆಡಲ್ ಇವೆ. ಅದೇ ಕಂಪನಿಯ ಟಿ128ರಲ್ಲಿ ಎರಡೇ. ಇಲ್ಲಿ ತುಂಬಾ ಜನ ಎಡವುತ್ತಾರೆ, ಆರ್ಡರ್ ಮಾಡುವ ಮೊದಲು ಪೆಡಲ್ ಎಣಿಸಿ.

ಡೈರೆಕ್ಟ್ ಡ್ರೈವ್ (ಸ್ಟೀರಿಂಗನ್ನು ನೇರವಾಗಿ ಮೋಟಾರ್‌ಗೇ ಕೂರಿಸಿದ್ದು) ಅಂತ ಮೋಜಾ ಆರ್5, ಫ್ಯಾನಟೆಕ್ ಸಿಎಸ್‌ಎಲ್ ಕಡೆ ಹೋಗುವವರೂ ಎಚ್ಚರ. ಆ ಬಂಡಲ್‌ಗಳಲ್ಲಿ ಸಾಮಾನ್ಯವಾಗಿ ಬ್ರೇಕ್, ಆಕ್ಸಿಲೇಟರ್ ಮಾತ್ರ, ಕ್ಲಚ್ ಪೆಡಲ್‌ಗೆ ಬೇರೆ ದುಡ್ಡು. ಪ್ಯಾಡಲ್ ಕಾರು ಮಾತ್ರ ಓಡಿಸುವವರಿಗೆ ಅದೇ ಉಳಿತಾಯ. ಶಿಫ್ಟರ್‌ಗಳಲ್ಲಿ ಥ್ರಸ್ಟ್‌ಮಾಸ್ಟರ್ ಟಿಎಚ್8ಎ, ಫ್ಯಾನಟೆಕ್ ಕ್ಲಬ್‌ಸ್ಪೋರ್ಟ್ ಎಸ್‌ಕ್ಯೂ ಎರಡೂ ಎಚ್ ಥರವೂ ಸೀಕ್ವೆನ್ಶಿಯಲ್ ಥರವೂ ಕೆಲಸ ಮಾಡುತ್ತವೆ. ಕಂಪ್ಯೂಟರ್‌ನಲ್ಲಿ ಬೇರೆ ಬೇರೆ ಕಂಪನಿಯ ಯುಎಸ್‌ಬಿ ಸಾಮಾನು ಬೆರೆಸಬಹುದು. ಕನ್ಸೋಲ್‌ನಲ್ಲಿ ಅದು ಕಷ್ಟ.

ಸೆಕೆಂಡ್ ಹ್ಯಾಂಡ್ ನೋಡುವವರು ಕ್ಲಚ್ ಪೆಡಲ್ ಮೆಲ್ಲಗೆ ಒತ್ತಿ ವಿಂಡೋಸ್‌ನ ಗೇಮ್ ಕಂಟ್ರೋಲರ್ ಪರದೆ ನೋಡಿ. ಗೀಟು ನುಣುಪಾಗಿ ಏರಬೇಕು. ಕುಣಿದರೆ ಒಳಗೆ ಒತ್ತಿದ್ದನ್ನು ಅಳೆಯುವ ಪೊಟೆನ್ಶಿಯೊಮೀಟರ್‌ನಲ್ಲಿ ಧೂಳು, ಇಲ್ಲವೇ ಸವೆತ. ನನಗೆ ಒಬ್ಬರು "ಒಂದೇ ತಿಂಗಳು ಬಳಸಿದ್ದು" ಅಂತ ಮಾರಿದ ಪೆಡಲ್‌ನಲ್ಲಿ ನೇರ ದಾರಿಯಲ್ಲೇ ಕ್ಲಚ್ ತಾನಾಗಿ ಒತ್ತಿಕೊಳ್ಳುತ್ತಿತ್ತು. ಎರಡು ವಾರ ಸಿಮ್ಮನ್ನು ಬೈದೆ. ತಪ್ಪು ಪೆಡಲ್‌ದು.

ಇನ್ನೊಂದು ಮನೆ ಮಾತು. ನಮ್ಮ ಮನೆಗಳ ನುಣುಪು ಟೈಲ್ಸ್ ಮೇಲೆ ಕ್ಲಚ್ ಒತ್ತಿದರೆ ಪೆಡಲ್ ಸೆಟ್ ಮುಂದಕ್ಕೆ, ಚಕ್ರದ ಕುರ್ಚಿ ಹಿಂದಕ್ಕೆ. ಪೆಡಲ್ ಹಿಂದೆ ಗೋಡೆ ತನಕ ಒಂದು ಹಲಗೆ ಕೊಡಿ, ಕುರ್ಚಿಯ ಚಕ್ರಗಳನ್ನು ಹಳೇ ಚಪ್ಪಲಿಯೊಳಗೆ ಇಡಿ. ಬಾಡಿಗೆ ಫ್ಲ್ಯಾಟ್‌ನಲ್ಲಿ ಇರುವವರು ಮೇಜಿನ ಕಾಲಿಗೆ ರಬ್ಬರ್ ಹಾಕಿ. ರಾತ್ರಿ ಹನ್ನೊಂದಕ್ಕೆ ಟಕ್ ಟಕ್ ಅಂದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಡ್ರೈವಿಂಗ್ ಟೆಸ್ಟ್‌ಗೆ ಹೋಗುವ ಮೊದಲು ಎಡಗಾಲು ಪಳಗಿಸಬೇಕು ಅನ್ನುವವರು, ಅಸಲಿ ಗಾಡಿಯ ಹಟ ಬೇಕು ಅನ್ನುವವರು ಬೀಮ್‌ಎನ್‌ಜಿ ತಗೊಳ್ಳಿ. ಎಂಟು ಹಾಕುವುದನ್ನು ಅದು ಕಲಿಸಲ್ಲ, ಏರಿನಲ್ಲಿ ಹಿಂದೆ ಜಾರದೆ ಹೊರಡಿಸುವುದನ್ನು ಖಂಡಿತ ಕಲಿಸುತ್ತೆ. ಹಾಫ್ ಕ್ಲಚ್ ಬೇಡ, ಹಳೇ ಕಾರುಗಳ ಮೇಲೆ ಪ್ರೀತಿ, ಜೇಬು ಚಿಕ್ಕದು ಅನ್ನುವವರಿಗೆ ಅಸೆಟ್ಟೊ ಕೊರ್ಸಾ. ಅದೇ ಪ್ರೀತಿ ಇದ್ದು ಮಾಡ್ ಹುಡುಕುವ ತಾಳ್ಮೆ ಇಲ್ಲದಿದ್ದರೆ ಆಟೊಮೊಬಿಲಿಸ್ಟಾ 2. ಸರಿಯಾಗಿ ಗೇರ್ ಇಳಿಸುವುದನ್ನು ಬೆವರು ಹರಿಸಿ ಕಲಿಯಬೇಕು, ಬೇರೆಯವರ ಜೊತೆ ಓಡಬೇಕು ಅನ್ನುವವರು ಐರೇಸಿಂಗ್‌ಗೆ ಒಂದೇ ಒಂದು ತಿಂಗಳು ಚಂದಾ ಕಟ್ಟಿ ನೋಡಿ. ವರ್ಷದ್ದು ಆಮೇಲೆ. ಜಿಟಿ3 ಹುಚ್ಚು ಇದ್ದರೆ ಕ್ಲಚ್‌ನ ಮಾತೇ ಬಿಡಿ, ಆ ದುಡ್ಡನ್ನು ಒಳ್ಳೆಯ ಬ್ರೇಕ್ ಪೆಡಲ್‌ಗೆ ಹಾಕಿ. ಏನೂ ಗೊತ್ತಾಗುತ್ತಿಲ್ಲವಾದರೆ ಇವತ್ತು ರಾತ್ರಿಯೇ ಲೈವ್ ಫಾರ್ ಸ್ಪೀಡ್ ಡೆಮೊ ಇಳಿಸಿಕೊಳ್ಳಿ, ಬಿಟ್ಟಿ.

ಸ್ಟೀಮ್‌ನಲ್ಲಿ ಕೊಂಡರೆ ಒಂದು ಅನುಕೂಲ ಇದೆ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ಲ್ಯಾಪ್ ಹೊಡೆಯುತ್ತಾ ಕಳೆಯಬೇಡಿ. ಮೊದಲ ಇಪ್ಪತ್ತು ನಿಮಿಷ ಪೆಡಲ್, ಶಿಫ್ಟರ್ ಹೊಂದಿಸಿ. ಆಟೊ ಕ್ಲಚ್, ಆಟೊ ಬ್ಲಿಪ್ (ಗೇರ್ ಇಳಿಸುವಾಗ ತಾನೇ ರೇಸ್ ಕೊಡುವುದು) ಎರಡನ್ನೂ ಹುಡುಕಿ ತೆಗೆಯಿರಿ, ಅವು ಎಲ್ಲೋ ಒಳ ಮೆನುವಿನಲ್ಲಿ ಅವಿತಿರುತ್ತವೆ. ಆಮೇಲೆ ಎಚ್ ಲಿವರ್‌ನ ಒಂದು ಸಾದಾ ಕಾರು ತಗೊಂಡು ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪಿಟ್‌ನಲ್ಲೇ ನಿಂತು ರೇಸ್ ಕೊಡದೆ ಕ್ಲಚ್ ಬಿಡಿ.